ಕಟ್ಟಡದ ಕಸದಲ್ಲಿ ಅಡಗಿದ ವಿಷ



ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸದ ಬೀದಿ ಮಾಂಬಲ, ತ್ಯಾಗರಾಯನಗರದ ಕಡೆ ಸಿಗುವುದೇ ಕಷ್ಟ. ನಮ್ಮ ಬೀದಿಯಲ್ಲೂ ಒಂದು ಏಳುತ್ತಿದೆ. ಹೋದ ತಿಂಗಳು ಅಲ್ಲಿನ ಕೆಲಸದಾಕೆಯ ನಾಲ್ಕು ವರ್ಷದ ಮಗು ನೀರೆಂದುಕೊಂಡು ಥಿನ್ನರ್ ಕುಡಿದುಬಿಟ್ಟಿತು. ಬಣ್ಣದವರು ಮಿಕ್ಕಿದ್ದನ್ನು ನೀರಿನ ಬಾಟಲಿಗೆ ಸುರಿದು ಶೆಡ್ಡಿನ ಮೂಲೆಯಲ್ಲಿಟ್ಟಿದ್ದರು. ಗಾಬರಿಯಾದ ತಾಯಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೊರಟಿದ್ದಳು, ಮೇಸ್ತ್ರಿ ತಡೆದರು. ತಡೆದದ್ದೇ ಸರಿ. ಥಿನ್ನರ್, ಸೀಮೆಎಣ್ಣೆ ಕುಡಿದವರಿಗೆ ವಾಂತಿ ಮಾಡಿಸಲೇಬಾರದು. ಮೇಲೆ ಬರುವಾಗ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ನೇರ ಆಸ್ಪತ್ರೆಗೆ ಒಯ್ಯಬೇಕು. ಮಗು ಮೂರು ದಿನ ಅಲ್ಲಿದ್ದು ಬಂತು.

ಕಟ್ಟಡದ ಕಸವೆಂದರೆ ನಮ್ಮ ಕಣ್ಣಿಗೆ ಬೀಳುವುದು ಇಟ್ಟಿಗೆ ಚೂರು, ಸಿಮೆಂಟ್ ಚೀಲ. ಅದರ ನಡುವೆಯೇ ಬಣ್ಣದ ಡಬ್ಬಿ, ಗೆದ್ದಲಿನ ಔಷಧಿ, ಒಡೆದ ಟ್ಯೂಬ್‌ಲೈಟು, ಸೆಂಟ್ರಿಂಗ್ ಹಲಗೆಗೆ ಬಳಿಯುವ ಕರಿ ಆಯಿಲ್ ಕೂಡ ಇರುತ್ತವೆ. ಹಳೆಯ ಮನೆಯಾದರೆ ಕಲ್ನಾರಿನ ಶೀಟು, ಅಂದರೆ ಆಸ್‌ಬೆಸ್ಟಾಸ್. ಅದನ್ನು ಸುತ್ತಿಗೆಯಿಂದ ಒಡೆದರೆ ಕಣ್ಣಿಗೆ ಕಾಣದ ಎಳೆಗಳು ಎದೆಯೊಳಗೆ ಸೇರುತ್ತವೆ. ಕಾಯಿಲೆ ಕಾಣಿಸುವುದು ಹತ್ತಿಪ್ಪತ್ತು ವರ್ಷದ ಮೇಲೆ. ನೀರು ಚಿಮುಕಿಸಿ, ಇಡಿಯಾಗಿಯೇ ಇಳಿಸಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಬೇಕು. ಹಳೆಯ ಗೋಡೆಯ ಬಣ್ಣವನ್ನೂ ಒಣಗಿದ್ದಾಗ ಉಜ್ಜಬಾರದು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಷ್ಟೇ.

ಮತ್ತೆ ನಮ್ಮ ಮದರಾಸಿನ ಮಳೆ! 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯಲ್ಲಿ ಎಣ್ಣೆ ಹರಿದು ಎಣ್ಣೂರು ಅಳಿವೆಯ ಮೀನುಗಾರರ ದೋಣಿ, ಬಲೆಗೆಲ್ಲ ಮೆತ್ತಿಕೊಂಡದ್ದು ನೆನಪಿರಬಹುದು. ಅದು ಕಾರ್ಖಾನೆ ಕಡೆಯ ಎಣ್ಣೆ, ನಿಜ. ಆದರೆ ನೆಲದ ಮೇಲಿಟ್ಟ ಆಯಿಲ್ ಡ್ರಮ್ಮೂ ಮೊಣಕಾಲುದ್ದ ನೀರಿಗೆ ತೇಲಿಹೋಗುತ್ತದೆ. ಹಾಗಾಗಿ ಎತ್ತರದ ಕಟ್ಟೆ, ಮೇಲೊಂದು ಸೂರು, ಸೋರಿದ್ದನ್ನು ಹಿಡಿಯಲು ಕೆಳಗೊಂದು ತಟ್ಟೆ, ಬೀಗ. ಡಬ್ಬಿಯ ಮೇಲೆ ಹೆಸರನ್ನು ತಮಿಳಿನ ಜೊತೆಗೆ ಹಿಂದಿಯಲ್ಲೂ ಬರೆಯಿರಿ, ಓದಬೇಕಾದವರು ಬಿಹಾರ, ಒಡಿಶಾದಿಂದ ಬಂದವರು. 2016ರ ಕೇಂದ್ರ ನಿಯಮದಂತೆ ಇಂಥ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅನುಮತಿ ಪಡೆದವರಿಗೇ ಒಪ್ಪಿಸಬೇಕು. ನಮಗೆ ಹತ್ತಿರದ್ದು ಗುಮ್ಮಿಡಿಪೂಂಡಿಯ ವಿಲೇವಾರಿ ಘಟಕ.

ನಮ್ಮ ಬೀದಿಯ ಮೇಸ್ತ್ರಿ ಈಗ ಒಂದು ಕೆಲಸ ಮಾಡುತ್ತಾರೆ. ಖಾಲಿಯಾದ ಪ್ರತಿ ಬಣ್ಣದ ಡ್ರಮ್ಮಿನ ತಳಕ್ಕೂ ಮೊಳೆ ಹೊಡೆದು ತೂತು ಮಾಡಿಸುತ್ತಾರೆ, ಯಾರೂ ಅದರಲ್ಲಿ ಕುಡಿಯುವ ನೀರು ತುಂಬದಿರಲೆಂದು.