ಆ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆಸಿ!

(ಕಾರವಾರದಲ್ಲಿ ನಡೆದ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಪಿ.ಯು.ಸಿ. ಓದಿದವನು. ಅಂಕೋಲೆಯಲ್ಲಿ ಲಗ್ನಪತ್ರಿಕೆ, ಕರಪತ್ರ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಭಾಷಣ ನನಗೆ ಬಾರದು. ನನ್ನ ಅಂಗಡಿಗೆ ಬಂದ ಒಬ್ಬ ಹುಡುಗಿಯ ಸಂಗತಿ ಹೇಳುತ್ತೇನೆ.

ತಾಯಿ ಮೀನು ಮಾರುವಾಕೆ. ಮಗಳು ಕಾಲೇಜು. ವಿದ್ಯಾರ್ಥಿವೇತನದ ಅರ್ಜಿಗೆ ಅಂದೇ ಕಡೇ ದಿನ. ಎರಡು ಬಸ್ಸು ಬದಲಿಸಿ ಸಂಜೆ ಆರಕ್ಕೆ ಬಂದು, "ಅಣ್ಣಾ, ನೆಟ್ ಇದ್ಯಾ?" ಎಂದಳು.

"ನಿಮ್ಮೂರ ಗ್ರಂಥಾಲಯದಲ್ಲಿ ಕಂಪ್ಯೂಟರ್ ಇಲ್ವಾ ತಂಗಿ?"

"ಇದೆ. ಬಟ್ಟೆ ಹೊದಿಸಿ ಇಟ್ಟಿದ್ದಾರೆ."

ರಾತ್ರಿ ಒಂಬತ್ತಕ್ಕೆ ಅರ್ಜಿ ಹೋಯಿತು. ಕಡೇ ಬಸ್ಸೂ ಹೋಯಿತು. ಅವತ್ತು ಅವಳು ನಮ್ಮ ಮನೆಯಲ್ಲೇ ಉಳಿದಳು.

ಯಾರ ದುಡ್ಡಿಗೆ ಬಟ್ಟೆ ಹೊದಿಸಿದ್ದಾರೆ ಮಿತ್ರರೇ? 1965ರ ಗ್ರಂಥಾಲಯ ಕಾಯ್ದೆ ಇದೆ. ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಕಟ್ಟುತ್ತೇವೆ. ಇದು ಭಿಕ್ಷೆಯಲ್ಲ! ರಾಜ್ಯದಲ್ಲಿ 5,000ಕ್ಕೂ ಹೆಚ್ಚು ಗ್ರಾಮ ಪಂಚಾಯತ್ ಗ್ರಂಥಾಲಯಗಳಿವೆ. 2019ರಲ್ಲಿ ಅವು ಪಂಚಾಯತ್ ರಾಜ್ ಇಲಾಖೆಗೆ ಬಂದವು, 2020ರಲ್ಲಿ 'ಓದುವ ಬೆಳಕು' ಬಂತು, ಈಗ 'ಅರಿವು ಕೇಂದ್ರ' ಎಂಬ ಹೆಸರೂ ಬಂದಿದೆ. ಎಲ್ಲೆಡೆ ಬಟ್ಟೆ ಹೊದಿಸಿಲ್ಲ, ಸುಳ್ಳು ಹೇಳಬಾರದು. ಮಕ್ಕಳು ಸಾಲಾಗಿ ಕೂತು ಕಲಿಯುವ ಕೇಂದ್ರಗಳನ್ನೂ ಕಂಡಿದ್ದೇನೆ. ಅಲ್ಲಿಯ ಮೇಲ್ವಿಚಾರಕರಿಗೆ ಯಂತ್ರದ ಭಯವಿಲ್ಲ. ಅಷ್ಟೇ ವ್ಯತ್ಯಾಸ.

ಬಟ್ಟೆ ತೆಗೆದರೆ ಸಾಲದು, ಒಳಗೆ ಕನ್ನಡ ಇರಬೇಕು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ. ಇವತ್ತಿಗೂ ನನ್ನ ಬಳಿ ಹಳೆಯ ಫಾಂಟಿನ ಕಡತ ಬರುತ್ತದೆ. ಇನ್ನೊಂದು ಯಂತ್ರದಲ್ಲಿ ತೆರೆದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಸ! ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಸಾಮಾನ್ಯ ಕೀಲಿಗಳಲ್ಲೇ ಇಡೀ ಕನ್ನಡ ಮೂಡುತ್ತದೆ. ಮನೆಯಲ್ಲಿ ಕೊಂಕಣಿ ಆಡಿ ಶಾಲೆಯಲ್ಲಿ ಕನ್ನಡ ಕಲಿತ ನಮ್ಮ ಕಾರವಾರದ ಮಕ್ಕಳು ವಾರದಲ್ಲಿ ಕಲಿತಾರು. ಶಾಲೆಯಲ್ಲಿ ಕಲಿಸುವವರು ಬೇಕು. ದಿನಕರ ದೇಸಾಯರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಬಡವರ ಮಕ್ಕಳಿಗೆ ಶಾಲೆ ತೆರೆದ ನೆಲ ಇದು.

ನೀವು ಪೇಟೆಯವರು, ಕೈಯಲ್ಲೇ ನೆಟ್ ಇರುವವರು. ರಜೆಗೆ ಊರಿಗೆ ಹೋದಾಗ ಗ್ರಂಥಾಲಯಕ್ಕೆ ಹೋಗಿ. ಮೇಲ್ವಿಚಾರಕರ ಮೇಲೆ ಕೂಗಾಡಬೇಡಿ, ಅವರ ಸಂಬಳವೇ ಅಷ್ಟಕ್ಕಷ್ಟೆ. ಪಕ್ಕ ಕೂತು ಕಲಿಸಿಕೊಡಿ. ಆಮೇಲೆ ಗ್ರಾಮಸಭೆಯಲ್ಲಿ ಕೇಳಿ: ಗ್ರಂಥಾಲಯ ಕರ ಎಷ್ಟು ಬಂತು? ನೆಟ್ ಬಿಲ್ಲು ಯಾರು ಕಟ್ಟುತ್ತಾರೆ? ಶಾಲೆಯ ಕಂಪ್ಯೂಟರ್ ಕೋಣೆಗೆ ಬೀಗ ಏಕೆ? ಬಾಯಿಮಾತು ಬೇಡ, ಕನ್ನಡದಲ್ಲಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ಅರ್ಜಿಯ ನಮೂನೆ ಬೇಕಿದ್ದರೆ ನನ್ನ ಮುದ್ರಣಾಲಯಕ್ಕೆ ಬನ್ನಿ. ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ.