ಕಡಲಿಗೆ ಕೊಡುವ ಕಾಸು ಯಾರ ಕೈಗೆ?

ಮಳೆಗಾಲ ಕಳೆದು ಅಕ್ಟೋಬರ್ ಬಂತೆಂದರೆ, ಶುಕ್ರವಾರ ರಾತ್ರಿ ಬೆಂಗಳೂರಿನ ಸಾರಕ್ಕಿ, ಜಯನಗರ, ಬನಶಂಕರಿ ಕಡೆಯ ಹುಡುಗ ಹುಡುಗಿಯರು ಬೆನ್ನಿಗೊಂದು ಚೀಲ ಏರಿಸಿಕೊಂಡು ಕರಾವಳಿಯ ಬಸ್ಸು ಹತ್ತುತ್ತಾರೆ. ಬೆಳಗಾದರೆ ಮುರುಡೇಶ್ವರ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರು ಹೋದರೆ ನೇತ್ರಾಣಿ ದ್ವೀಪ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿನ ನೀರಿಗಿಳಿದದ್ದನ್ನು ನೋಡಿದ ಮೇಲಂತೂ ಸ್ಕೂಬಾ ಎಂಬ ಮಾತು ನಮ್ಮ ಮನೆಮನೆಗಳಲ್ಲಿ ಬಳಕೆಗೆ ಬಂದುಬಿಟ್ಟಿತು. ಸಿಲಿಂಡರ್ ಕಟ್ಟಿಕೊಂಡು ಮುಳುಗಿ, ಹವಳ, ಗಿಳಿಮೀನು, ಅದೃಷ್ಟವಿದ್ದರೆ ಆಮೆಯನ್ನೂ ಕಂಡು ಮೇಲೆ ಬಂದವರಲ್ಲಿ ಅನೇಕರಿಗೆ ಈ ಕಡಲಿಗೆ ಏನಾದರೂ ಕೊಡಬೇಕು ಅನ್ನಿಸುತ್ತದೆ. ಒಳ್ಳೆಯ ಮನಸ್ಸು. ಆದರೆ ಕೇಳುಗರೇ, ಕೊಡುವುದು ಯಾರಿಗೆ? ಹವಳದ ತುಂಡೊಂದಕ್ಕೆ ನಿಮ್ಮ ಹೆಸರಿಟ್ಟು ನೆಡುವವರಿದ್ದಾರೆ, ಆಮೆಯನ್ನು ದತ್ತು ಕೊಡುವವರಿದ್ದಾರೆ, ಕಡಲತೀರದ ಕಸ ಹೆಕ್ಕುವವರಿದ್ದಾರೆ, ಯಾವ ಚಿತ್ರವನ್ನೂ ಕಳಿಸದೆ ವರ್ಷಗಟ್ಟಲೆ ಹವಳದ ಲೆಕ್ಕ ಇಡುವವರೂ ಇದ್ದಾರೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ನೀರೊಳಗೆ ಕಣ್ಣಿಗೆ ಬಿದ್ದದ್ದಕ್ಕೆ ದುಡ್ಡು ಕೊಡುವ ಬದಲು, ಅದಕ್ಕೆ ಕುತ್ತು ಎಲ್ಲಿಂದ ಬರುತ್ತಿದೆಯೋ ಆ ಜಾಗಕ್ಕೆ ಕೊಡಬೇಕು.

ಹವಳವನ್ನೇ ತೆಗೆದುಕೊಳ್ಳೋಣ. ಮುರಿದ ಹವಳವನ್ನು ಕಬ್ಬಿಣದ ಚೌಕಟ್ಟಿಗೆ ಕಟ್ಟಿ ಬೆಳೆಸುವ ಕೆಲಸ ನೋಡಲು ಬಲು ಚೆಂದ, ಫೋಟೋಗೂ ಹೇಳಿ ಮಾಡಿಸಿದಂಥದ್ದು. ಜಗತ್ತಿನಾದ್ಯಂತ ನಡೆದ ಇಂಥ 362 ಪ್ರಯತ್ನಗಳನ್ನು ಒಟ್ಟುಹಾಕಿ ನೋಡಿದ, 2020ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ನೆಟ್ಟ ಹವಳ ಸರಾಸರಿಯಲ್ಲಿ ಮೂರರಲ್ಲಿ ಎರಡು ಪಾಲು ಉಳಿದಿತ್ತು. ಕೇಳಲು ಸೊಗಸು. ಆದರೆ ಅವುಗಳಲ್ಲಿ ಶೇ. 60ರಷ್ಟು ಪ್ರಯತ್ನಗಳು ನೆಟ್ಟದ್ದನ್ನು ಗಮನಿಸಿದ್ದು 18 ತಿಂಗಳಿಗಿಂತ ಕಡಿಮೆ ಅವಧಿ. ಬಿಸಿ ನೀರಿನ ಅಲೆಯೊಂದು ಬಂದು ಹವಳ ಬಿಳುಚಿಕೊಳ್ಳುವುದು ಹತ್ತು ವರ್ಷಕ್ಕೊಮ್ಮೆಯೋ ಐದು ವರ್ಷಕ್ಕೊಮ್ಮೆಯೋ. ಒಂದೂವರೆ ವರ್ಷದ ಲೆಕ್ಕ ಅದನ್ನು ಹೇಗೆ ಹೇಳೀತು? ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹವಳ ದೊಡ್ಡ ಪ್ರಮಾಣದಲ್ಲಿ ಬಿಳುಚಿತು. ಅಲ್ಲಿ 1998ರಲ್ಲಿ ಶೇ. 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ ಶೇ. 19ರ ಆಸುಪಾಸಿಗೆ ಇಳಿದಿತ್ತು. ಇದು ನಮಗೆ ಗೊತ್ತಾದದ್ದು ನಮ್ಮ ಮೈಸೂರಿನಲ್ಲೇ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು ಕಾಲು ಶತಮಾನ ಅದೇ ದ್ವೀಪಗಳಿಗೆ ಮತ್ತೆ ಮತ್ತೆ ಹೋಗಿ, ಮುಳುಗಿ, ಅಳೆದು ಬಂದದ್ದರಿಂದ. ಇಂಥ ಕೆಲಸಕ್ಕೆ ದಾನಿಗಳು ಸಿಗುವುದು ಕಷ್ಟ, ಏಕೆಂದರೆ ದಾನಿಯ ಹೆಸರು ಬರೆಯಲು ಅಲ್ಲೊಂದು ಹವಳದ ತುಂಡೂ ಇರುವುದಿಲ್ಲ.

ಬಲೆಯ ಕಥೆಯೂ ಇದೇ. ಬಂಡೆಗೆ ಸಿಕ್ಕಿಕೊಂಡ ಹಳೇ ನೈಲಾನ್ ಬಲೆಯನ್ನು ಚಾಕುವಿನಿಂದ ಕುಯ್ದು ಎಳೆದು ತರುವುದು ಮುಳುಗುಗಾರರಿಗೆ ಅಚ್ಚುಮೆಚ್ಚಿನ ಸೇವೆ. ಸಿಕ್ಕಿಬಿದ್ದಿದ್ದ ಏಡಿಯೊಂದು ಬಿಡಿಸಿಕೊಂಡು ಓಡಿದಾಗ ಆಗುವ ಸಂತೋಷ ಸಣ್ಣದಲ್ಲ. ಆದರೆ ಮಾಲ್ದೀವ್ಸನ್ನು ನೋಡಿ. ಅಲ್ಲಿನವರು ಟ್ಯೂನಾ ಹಿಡಿಯುವುದು ಹೆಚ್ಚಾಗಿ ಕೋಲಿನ ಗಾಳದಿಂದ, ಒಂದೊಂದಾಗಿ. ಹಾಗಿದ್ದೂ ಅಲ್ಲಿ ಆಮೆಗಳು ವಾರಸುದಾರರಿಲ್ಲದ ಬಲೆಗೆ ಸಿಕ್ಕಿ ತೇಲಿ ಬರುತ್ತವೆ. ಬಲೆ ಬೇರೆ ದೇಶದ್ದು, ಗಾಯ ಅಲ್ಲಿನದು. 2013ರಲ್ಲಿ ಅಲ್ಲೇ ಶುರುವಾದ ಆಲಿವ್ ರಿಡ್ಲಿ ಪ್ರಾಜೆಕ್ಟ್ ಆಮೆಗಳಿಗೆ ಚಿಕಿತ್ಸೆ ಕೊಡುವುದರ ಜೊತೆಗೆ ಸಿಕ್ಕ ಬಲೆಯ ಕಣ್ಣಿನ ಅಳತೆ, ದಾರದ ದಪ್ಪ, ಬಣ್ಣಗಳನ್ನೆಲ್ಲ ಬರೆದಿಡುತ್ತದೆ. ಬಲೆ ಎಲ್ಲಿಂದ ಹೊರಟಿತು ಎಂಬುದಕ್ಕೆ ಸುಳಿವು ಅದರಲ್ಲೇ. ಬಲೆ ಎತ್ತಿ ಕಸಕ್ಕೆ ಹಾಕಿ ಸೆಲ್ಫಿ ತೆಗೆದುಕೊಳ್ಳುವ ತಂಡಕ್ಕಿಂತ, ಬರೆದಿಡುವ ತಂಡಕ್ಕೆ ನನ್ನ ಮತ.

ಹಾಗಾದರೆ ಕುತ್ತಿನ ಬುಡಕ್ಕೆ ದುಡ್ಡು ಹೋಗುವುದೆಂದರೆ ಹೇಗಿರುತ್ತದೆ? ಗುಜರಾತಿನ ವೆರಾವಲ್ ಕಡೆ ನೋಡಬೇಕು. ತಿಮಿಂಗಿಲ ಶಾರ್ಕನ್ನು ಅಲ್ಲಿ ಒಂದು ಕಾಲಕ್ಕೆ ಕೊಂಡಿ ಹಾಕಿ ಬೇಟೆಯಾಡುತ್ತಿದ್ದರು. ಅದರ ಎಣ್ಣೆ ದೋಣಿಗೆ ಬಳಿಯಲು, ಮಾಂಸ ರಫ್ತಿಗೆ. 2001ರಲ್ಲಿ ಸರ್ಕಾರ ಅದನ್ನು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿತು. ಕಾಯ್ದೆ ಬಂದರೇನು, ಬಲೆಗೆ ತಾನಾಗಿ ಬಂದು ಬಿದ್ದ ಮೀನನ್ನು ಬಿಡಬೇಕಾದರೆ ಬಲೆಯನ್ನೇ ಕುಯ್ಯಬೇಕಲ್ಲ! ಆ ಬಲೆ ಮೀನುಗಾರನ ವರ್ಷದ ಬಂಡವಾಳ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಅರಣ್ಯ ಇಲಾಖೆ, ಟಾಟಾ ಕೆಮಿಕಲ್ಸ್ ಕೂಡಿ ಅಲ್ಲಿ ಆಂದೋಲನ ಹೂಡಿದವು. ರಾಮಕಥೆಯ ಪ್ರವಚನಕಾರ ಮೊರಾರಿ ಬಾಪು ಆ ಮೀನನ್ನು ಹೆರಿಗೆಗೆ ತವರಿಗೆ ಬಂದ ಮಗಳೆಂದು ಕರೆದರು. ಮನಸ್ಸು ಕರಗಿತು, ನಿಜ. ಆದರೆ ಕುಯ್ದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡಲು ಒಪ್ಪದಿದ್ದರೆ ಮನಸ್ಸು ಎಷ್ಟು ದಿನ ಕರಗಿರುತ್ತಿತ್ತೋ ನನಗೆ ಅನುಮಾನ. ಅಧಿಕಾರಿ ಬಂದು ನೋಡುವ ತನಕ ಮೀನು ಬಲೆಯಲ್ಲೇ ಒದ್ದಾಡಬಾರದೆಂದು ಮೀನುಗಾರರ ಕೈಗೇ ಕ್ಯಾಮೆರಾ ಕೊಟ್ಟರು. ಚಿತ್ರ ತೆಗೆದು, ಬಲೆ ಕುಯ್ದು, ಬಿಟ್ಟು ಬಂದರಾಯಿತು, ಅದೇ ಪುರಾವೆ. ನೂರಾರು ಮೀನುಗಳು ಹೀಗೆ ಬಿಡುಗಡೆಯಾದವು. ಪ್ರಾಣಿ ಉಳಿದರೆ ನಷ್ಟ ಯಾರಿಗೆ ಎಂಬ ಪ್ರಶ್ನೆಯನ್ನು ಕೇಳಿಕೊಂಡ ಆಂದೋಲನ ಇದು. ಉತ್ತರ ಕನ್ನಡದ ಕಡಲಿಗೆ ಕೊಡುವಾಗಲೂ ಅದನ್ನೇ ಕೇಳಬೇಕು: ಭಟ್ಕಳ, ಹೊನ್ನಾವರದ ಮೀನುಗಾರರು ನಾವು ದುಡ್ಡು ಕೊಡುವ ಯೋಜನೆಯಲ್ಲಿ ಎಲ್ಲಿದ್ದಾರೆ? ಭಾಷಣ ಕೇಳುವ ಕುರ್ಚಿಯಲ್ಲೋ, ತೀರ್ಮಾನ ಮಾಡುವ ಕುರ್ಚಿಯಲ್ಲೋ?

ಇದಕ್ಕೆ ಆಕ್ಷೇಪಗಳಿವೆ. ಕಡಲು ಬಿಸಿಯಾಗುತ್ತಿರುವುದು ಇಡೀ ಲೋಕದ ಹೊಗೆಯಿಂದ. ನನ್ನ ಸಾವಿರ ರೂಪಾಯಿ ಅದಕ್ಕೆ ಯಾವ ಲೆಕ್ಕ, ಕಣ್ಣೆದುರಿನ ಒಂದು ಬಲೆಯಾದರೂ ಎತ್ತುತ್ತೇನೆ ಎನ್ನುವವರಿದ್ದಾರೆ. ಎತ್ತಲಿ, ಬೇಡವೆನ್ನುವವರು ಯಾರು? ಆದರೆ ಎತ್ತುವುದು ಅವರ ಮೈಯ ಶ್ರಮ, ಕೊಡುವುದು ಅವರ ಹಣ. ಎರಡೂ ಒಂದೇ ಕಡೆ ಹೋಗಬೇಕೆಂದೇನಿಲ್ಲ. ಮುಳುಗಬಲ್ಲವರಿಗೆ ಉಳಿದ ದಾನಿಗಳಿಗಿಲ್ಲದ ಒಂದು ಅನುಕೂಲವಿದೆ, ಕಣ್ಣು. ತಿಮಿಂಗಿಲ ಶಾರ್ಕಿನ ಎಡಪಕ್ಕ, ಕಿವಿರಿನ ಹಿಂದೆ, ಎದೆರೆಕ್ಕೆಯ ಮೇಲಿನ ಚುಕ್ಕೆಗಳು ಒಂದರದು ಇನ್ನೊಂದಕ್ಕಿಲ್ಲ. ನಕ್ಷತ್ರ ಗುರುತಿಸಲು ಖಗೋಳಜ್ಞರು ಬಳಸುತ್ತಿದ್ದ ಗಣಿತದಿಂದಲೇ ಈಗ ಆ ಚುಕ್ಕೆಗಳನ್ನು ಹೋಲಿಸಿ ಮೀನನ್ನು ಗುರುತು ಹಿಡಿಯುತ್ತಾರೆ. ಆ ಜಾಗದ ಒಂದು ಸ್ಪಷ್ಟ ಫೋಟೋ, ದಿನಾಂಕ, ಸ್ಥಳ, ಇಷ್ಟೇ ಸಾಕು. ಅದಕ್ಕೆ ಬಿಡಿಗಾಸಿನ ಖರ್ಚಿಲ್ಲ.

ಇನ್ನೊಂದು ಆಕ್ಷೇಪ ನಮ್ಮ ಮಗ್ಗುಲಿನದು. ಸಾರಕ್ಕಿ ಕೆರೆಗೇ ಗತಿಯಿಲ್ಲದಿದ್ದಾಗ ಕಡಲ ಚಿಂತೆ ಯಾಕೆ? 80 ಎಕರೆಗೂ ಮಿಕ್ಕಿದ ಆ ಕೆರೆಯ ಒತ್ತುವರಿ ತೆರವಿಗೆ ಜಿಲ್ಲಾಡಳಿತ 2015ರ ಏಪ್ರಿಲಿನಲ್ಲಿ ಜೆಸಿಬಿ ತರಬೇಕಾಯಿತು ಎಂಬುದು ಇಲ್ಲಿನವರಿಗೆ ನೆನಪಿದೆ. ಕೆರೆಯೂ ಕಡಲೂ ಬೇರೆಬೇರೆ ಎಂದುಕೊಂಡರೆ ಮಾತ್ರ ಈ ಪ್ರಶ್ನೆ ಹುಟ್ಟುತ್ತದೆ. ಬೆಂಗಳೂರಿನಲ್ಲಿ ಪೂರ್ವಕ್ಕೆ ಇಳಿದ ನೀರು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಯಾಗಿ ಕಡಲೂರಿನ ಬಳಿ ಸಮುದ್ರ ಸೇರುತ್ತದೆ. ಪಶ್ಚಿಮಕ್ಕೆ ಇಳಿದದ್ದು ವೃಷಭಾವತಿ, ಅರ್ಕಾವತಿಯ ಮೂಲಕ ಕಾವೇರಿಗೆ. ಎರಡೂ ದಾರಿ ಬಂಗಾಳ ಕೊಲ್ಲಿಗೇ. ಹಾಗಾಗಿ ಸಾರಕ್ಕಿಯ ರಾಜಕಾಲುವೆ ಶುದ್ಧವಾದರೆ ನೇತ್ರಾಣಿಗೆ ಒಂದು ಹನಿಯ ಉಪಕಾರವೂ ಇಲ್ಲ, ಅದು ಅರಬ್ಬಿ ಸಮುದ್ರ. ಉಪಕಾರ ಆಗುವುದು ಇದೇ ಮುಳುಗುಗಾರರು ರಜೆಗೆ ಹೋಗುವ ಪುದುಚೇರಿಯ ಕಡೆಗೆ. ಕೆರೆ ಕಾಯುವ ಬಡಾವಣೆಯ ಸಂಘಕ್ಕೆ ಕೊಟ್ಟದ್ದನ್ನೂ ಕಡಲಿನ ಖಾತೆಗೇ ಬರೆದುಕೊಳ್ಳಬಹುದು.

ಉಳಿದದ್ದು ಕಾಗದಪತ್ರ. ಸಂಸ್ಥೆಗೆ ಆದಾಯ ತೆರಿಗೆ ಕಾಯ್ದೆಯಡಿ ದತ್ತಿ ಸಂಸ್ಥೆಯ ನೋಂದಣಿ, ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ ಇವೆಯೇ ಎಂದು ನೋಡಿ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ದಾನದ ಮೇಲಿನ ಈ ರಿಯಾಯಿತಿ ಸಿಗುವುದಿಲ್ಲ, ಅದನ್ನೇ ನೆಚ್ಚಿ ಕೊಡಬೇಡಿ. ಬಂಡೆ ಕಟ್ಟುವ ಹವಳಗಳಿಗೂ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವುದರಿಂದ, ಹವಳ ನೆಡುವವರನ್ನು ಅರಣ್ಯ ಇಲಾಖೆಯ ಅನುಮತಿ ಪತ್ರ ಕೇಳಲು ಸಂಕೋಚ ಬೇಡ. ಆಡಳಿತದ ಖರ್ಚು ಜಾಸ್ತಿ ಎಂದು ಮೂಗು ಮುರಿಯುವ ಮುನ್ನ ಆ ಖರ್ಚು ಏನೆಂದು ಓದಿ. ಕಡಲ ಕೆಲಸದಲ್ಲಿ ದೋಣಿಯ ಡೀಸೆಲ್ಲು, ಲೆಕ್ಕ ಇಡುವವರ ಸಂಬಳ ಇವೇ ಕೆಲಸ. ಒಮ್ಮೆಗೇ ಐದು ಸಾವಿರ ಕೊಟ್ಟು ಮರೆಯುವುದಕ್ಕಿಂತ ತಿಂಗಳಿಗಿಷ್ಟೆಂದು ಹತ್ತು ವರ್ಷ ಕೊಡುವುದು ಅವರಿಗೆ ಹೆಚ್ಚು ಉಪಯೋಗ, ಏಕೆಂದರೆ ಹವಳ ಬಿಳುಚದ ವರ್ಷಗಳಲ್ಲೂ, ಪತ್ರಿಕೆಗಳಲ್ಲಿ ಸುದ್ದಿಯೇ ಇಲ್ಲದ ವರ್ಷಗಳಲ್ಲೂ, ಆ ದೋಣಿ ಹೋಗಿ ಅಳೆದು ಬರಬೇಕು.