ಎಲುಬು ಮೆತ್ತಗಾದರೆ ಹಳೆಯ ಆಪರೇಷನ್ ನೆನಪಿಸಿಕೊಳ್ಳಿ
(ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿ)



ನಮ್ಮ ಸಂಘವೊಂದರ ಸದಸ್ಯೆ, ವಯಸ್ಸು 46. ವಾರದ ಸಭೆಗೆ ತಪ್ಪದೆ ಬರುತ್ತಿದ್ದವರು ಬರೋದು ನಿಲ್ಲಿಸಿದರು. ಚಾಪೆ ಮೇಲೆ ಕೂತರೆ ಏಳೋಕೆ ಆಗ್ತಿರಲಿಲ್ಲ. ಸೊಂಟ, ತೊಡೆ ನೋವು. ನಡೆದರೆ ಓಲಾಡುವ ನಡಿಗೆ. "ವಾಯು ಇರಬೇಕು, ವಯಸ್ಸಾಯ್ತಲ್ಲ" ಅಂತ ನಾವೇ ಹೇಳಿದೆವು. ಎರಡು ವರ್ಷ ನೋವಿನ ಮಾತ್ರೆ ನುಂಗಿದರು.

ಒಂದು ದಿನ ನಾನೇ ಜೊತೆಗೆ ಹೋದೆ. ಡಾಕ್ಟರಮ್ಮ ಕೇಳಿದರು: "ಹಿಂದೆ ಏನಾದರೂ ಆಪರೇಷನ್ ಆಗಿತ್ತಾ?" ಅವರು ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು. ಮೊದಲ ಹೆರಿಗೆಯಲ್ಲಿ ಎರಡು ದಿನ ಮನೆಯಲ್ಲೇ ನೋವು ತಿಂದರು. ಮಗು ಉಳಿಯಲಿಲ್ಲ. ಮೂತ್ರಕೋಶಕ್ಕೆ ತೂತು ಬಿದ್ದು ಸದಾ ಮೂತ್ರ ಸೋರುತ್ತಿತ್ತು. ಹೊಲಿದರೂ ನಿಲ್ಲಲಿಲ್ಲ. ಕೊನೆಗೆ ಕಿಡ್ನಿಯಿಂದ ಬರುವ ಎರಡೂ ನಾಳಗಳನ್ನು ದೊಡ್ಡ ಕರುಳಿಗೆ ಜೋಡಿಸಿದರು. ಅಂದಿನಿಂದ ಮೂತ್ರ ಮಲದ್ವಾರದಿಂದಲೇ ಹೋಗುತ್ತದೆ. 22 ವರ್ಷ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ.

ಈ ಬಗೆಯ ಆಪರೇಷನ್ ಹೊಸದಲ್ಲ. 1850ರ ದಶಕದಲ್ಲೇ ಲಂಡನ್ನಿನಲ್ಲಿ ಮೂತ್ರವನ್ನು ಕರುಳಿಗೆ ತಿರುಗಿಸುವ ಪ್ರಯತ್ನ ನಡೆದಿತ್ತು. ಮೂತ್ರಕೋಶದ ಕ್ಯಾನ್ಸರ್ ಇದ್ದವರಿಗೆ, ಹುಟ್ಟುವಾಗಲೇ ಮೂತ್ರಕೋಶ ಹೊರಗೆ ತೆರೆದುಕೊಂಡ ಮಕ್ಕಳಿಗೆ ಕೂಡ ಇದನ್ನು ಮಾಡುತ್ತಿದ್ದರು. ಈಗ ಕರುಳಿನ ತುಂಡಿನಿಂದ ದಾರಿ ಮಾಡಿ ಹೊಟ್ಟೆಯ ಮೇಲೆ ಚೀಲ ಅಂಟಿಸುವುದು ಅಥವಾ ಕರುಳಿನಿಂದಲೇ ಹೊಸ ಮೂತ್ರಕೋಶ ಮಾಡುವುದು ಹೆಚ್ಚು. ಇವರೂ ಎಚ್ಚರವಾಗಿರಬೇಕು.

ಎಲುಬಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಕರುಳಿನ ಕೆಲಸ ಹೀರೋದು. ಮೂತ್ರ ಅಲ್ಲಿ ನಿಂತರೆ ಅದರಲ್ಲಿರುವ ಆಮ್ಲದ ಅಂಶ ಮತ್ತೆ ರಕ್ತ ಸೇರುತ್ತದೆ. ಆಮ್ಲವನ್ನು ತಗ್ಗಿಸುವ ಬೈಕಾರ್ಬನೇಟ್ ಹೊರಗೆ ಹೋಗುತ್ತದೆ. ರಕ್ತ ಹುಳಿಯಾಗುತ್ತದೆ ಅನ್ನಿ. ಆ ಹುಳಿ ತಗ್ಗಿಸಲು ದೇಹ ಎಲುಬಿನ ಸುಣ್ಣದಂಶ ಕರಗಿಸುತ್ತದೆ. ಸಂಘದ ಉಳಿತಾಯದಿಂದ ದಿನಾ ಸ್ವಲ್ಪ ಸ್ವಲ್ಪ ತೆಗೆದು, ತಿರುಗಿ ಕಟ್ಟದೇ ಇದ್ದ ಹಾಗೆ! ಹತ್ತಿಪ್ಪತ್ತು ವರ್ಷದ ಮೇಲೆ ಪುಸ್ತಕ ನೋಡಿದರೆ ಏನು ಉಳಿದಿರುತ್ತೆ? ಜೊತೆಗೆ ಕಿಡ್ನಿ ಸೋತರೆ ವಿಟಮಿನ್ 'ಡಿ' ಕೂಡ ಸರಿಯಾಗಿ ಕೆಲಸ ಮಾಡೋದಿಲ್ಲ. ಎಲುಬು ಮೆತ್ತಗಾಗುವ ಈ ಕಾಯಿಲೆಗೆ ಆಸ್ಟಿಯೋಮಲೇಶಿಯಾ ಎನ್ನುತ್ತಾರೆ.

ಅವರ ರಕ್ತ ಪರೀಕ್ಷೆಯಲ್ಲಿ ಬೈಕಾರ್ಬನೇಟ್ ಬಹಳ ಕಡಿಮೆ ಇತ್ತು. ಎಕ್ಸ್-ರೇಯಲ್ಲಿ ತೊಡೆಯ ಎಲುಬಿನಲ್ಲಿ ಬಿರುಕಿನಂಥ ಗೆರೆ. ಸೋಡಿಯಂ ಬೈಕಾರ್ಬನೇಟ್ ಮಾತ್ರೆ, ವಿಟಮಿನ್ 'ಡಿ', ಕ್ಯಾಲ್ಸಿಯಂ ಕೊಟ್ಟರು. ಆರು ತಿಂಗಳಲ್ಲಿ ಕೈಯೂರದೆ ಚಾಪೆಯಿಂದ ಎದ್ದರು!

ನಾವು ಮಾಡಬೇಕಾದದ್ದು:

1. ಇಂಥ ಆಪರೇಷನ್ ಆದವರು ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನೇ ಹೇಳಿ. ಹಳೆಯ ಚೀಟಿ ಎಸೆಯಬೇಡಿ.
2. ಆರಾಮಾಗಿದ್ದರೂ ವರ್ಷಕ್ಕೊಮ್ಮೆಯಾದರೂ ಕಿಡ್ನಿ, ಬೈಕಾರ್ಬನೇಟ್, ಪೊಟ್ಯಾಸಿಯಂ, ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ. ನಾಳವನ್ನು ದೊಡ್ಡ ಕರುಳಿಗೆ ಜೋಡಿಸಿದವರಿಗೆ ವರ್ಷಗಳ ನಂತರ ಅಲ್ಲಿ ಕ್ಯಾನ್ಸರ್ ಬರುವ ಸಂಭವವೂ ಇರುವುದರಿಂದ, ಡಾಕ್ಟರು ಹೇಳಿದ ಕಾಲಕ್ಕೆ ಕರುಳಿನ ಪರೀಕ್ಷೆ ಬೇಕು.
3. ಮೂತ್ರ ತುಂಬಾ ಹೊತ್ತು ತಡೆಯಬೇಡಿ, ರಾತ್ರಿಯೂ ಎದ್ದು ಹೋಗಿ.
4. ರಾಗಿ, ಹಾಲು, ಬಿಸಿಲು ಒಳ್ಳೆಯದೇ. ಆದರೆ ರಕ್ತದ ಹುಳಿ ಇಳಿಯದೆ ಅವು ಮಾತ್ರ ಸಾಲದು. ಅಡುಗೆ ಸೋಡಾ ನೀವಾಗಿಯೇ ಕುಡಿಯಬೇಡಿ. ಅಳತೆ ಡಾಕ್ಟರೇ ಹೇಳಬೇಕು.
5. ನೋವಿನ ಮಾತ್ರೆ ಅಂಗಡಿಯಿಂದ ತಂದು ನುಂಗಬೇಡಿ, ಕಿಡ್ನಿಗೆ ಪೆಟ್ಟು.

ಆ ಸಹೋದರಿ ನನಗೆ ಹೇಳಿದ್ದು ಇಷ್ಟೇ: "ಸಿಸ್ಟರ್, ನನ್ನ ಹೆಸರು ಹೇಳಬೇಡಿ, ವಿಷಯ ಹೇಳಿ." ಅದಕ್ಕೇ ಹೇಳಿದೆ. ಹೆರಿಗೆಯಲ್ಲಿ ಆದ ಗಾಯ ನಾಚಿಕೆಪಡುವ ವಿಷಯ ಅಲ್ಲ. ಸಭೆಗೆ ಬಾರದವರಿಗೆ ದಂಡ ಹಾಕುವ ಮೊದಲು ಅವರ ಮನೆಗೆ ಹೋಗಿ, ಯಾಕೆ ಬರಲಿಲ್ಲ ಅಂತ ಕೇಳೋಣ.